ಪ್ರಶ್ನೆರಾಯರೂ ಹಳದಿ ವಿಮಾನವೂ

ಪ್ರಶ್ನೆರಾಯರದು ಯಾವ ಗುಟ್ಟನ್ನೂ ಹಿಡಿದಿಟ್ಟುಕೊಳ್ಳಲಾರದ ಮುಖ. ಒಲೆಯ ಮೇಲೆ ಹಾಲು ಉಕ್ಕಿದರೆ ಅವರ ಹುಬ್ಬು ಹಣೆಯ ಮೇಲಕ್ಕೆ ಏರುತ್ತಿತ್ತು. ಪಕ್ಕದ ಮನೆಯವರು ಜೋರಾಗಿ ಸೀನಿದರೆ ಬಾಯಿ ತಾನಾಗಿ ತೆರೆದುಕೊಳ್ಳುತ್ತಿತ್ತು. ಇಂಥ ಮುಖ ಹೊತ್ತವರು ಸೇರಬಾರದ ಕೆಲಸವೊಂದಿದ್ದರೆ ಅದು ಸಮೀಕ್ಷೆ ನಡೆಸುವ ಕಂಪನಿಯ ಕೆಲಸ. ರಾಯರು ಸೇರಿದ್ದು ಅದಕ್ಕೇ.

ಆ ಕಂಪನಿಯಲ್ಲಿ ಎರಡು ಕಟ್ಟುನಿಟ್ಟಿನ ನಿಯಮಗಳಿದ್ದವು. ಎದುರಿನವರು ಏನೇ ಉತ್ತರ ಕೊಟ್ಟರೂ ಗಾಬರಿಯಾಗಕೂಡದು ಎಂಬುದು ಒಂದು. ಕೇಳಿಸಿಕೊಂಡದ್ದನ್ನು ಹೆಂಡತಿಗೂ ಹೇಳಕೂಡದು ಎಂಬುದು ಇನ್ನೊಂದು. ಹಲ್ಲುಪುಡಿ, ಸೊಳ್ಳೆಬತ್ತಿ, ಪಾತ್ರೆ ತಿಕ್ಕುವ ಸೋಪು ಇವುಗಳ ಬಗ್ಗೆ ಮನೆಮನೆ ತಿರುಗಿ ಪ್ರಶ್ನೆ ಕೇಳುತ್ತಿದ್ದಾಗ ಈ ನಿಯಮಗಳಿಂದ ರಾಯರಿಗೆ ತೊಂದರೆಯೇನೂ ಆಗಿರಲಿಲ್ಲ. ಸೊಳ್ಳೆಬತ್ತಿಯ ವಿಷಯದಲ್ಲಿ ಜನ ಎಂಥ ಗುಟ್ಟು ಬಿಚ್ಚಿಟ್ಟಾರು? ಕೇಳಿ ಕೇಳಿ ಅದೇ ಅಭ್ಯಾಸವಾಗಿ, ಹೆಂಡತಿ ಸಾರು ಬಡಿಸಿದರೂ "ತುಂಬಾ ತೃಪ್ತಿ, ಸಾಧಾರಣ ತೃಪ್ತಿ, ತೃಪ್ತಿಯಿಲ್ಲ" ಎಂದು ಮೂರು ಬೆರಳು ಮಡಚುವ ಮಟ್ಟಕ್ಕೆ ಬಂದಿದ್ದರು. ಪ್ರಶ್ನೆರಾಯರೆಂಬ ಹೆಸರು ಬಂದದ್ದೂ ಹಾಗೆಯೇ. ಅಪ್ಪ ಅಮ್ಮ ಇಟ್ಟ ಹೆಸರು ಈಗ ಅವರಿಗೇ ನೆನಪಿದ್ದರೆ ಹೆಚ್ಚು.

ಹೀಗಿರುವಾಗ ಮ್ಯಾನೇಜರ್ ಒಂದು ದಿನ ಕರೆದು ಹೊಸ ಕೆಲಸ ಒಪ್ಪಿಸಿದರು. ಏರ್‌ಲೈನ್ ಕಂಪನಿಗಳ ಪೈಲಟ್‌ಗಳನ್ನು ಬಿಟ್ಟು ಉಳಿದವರನ್ನು, ಅಂದರೆ ಸ್ವಂತ ಖುಷಿಗೆ ಹಾರುವವರು, ಹೊಲಗಳಿಗೆ ಔಷಧಿ ಸಿಂಪಡಿಸುವವರು, ಫ್ಲೈಯಿಂಗ್ ಕ್ಲಬ್ಬಿನವರು, ಇವರನ್ನೆಲ್ಲ ಹಿಡಿದು ಹಾರಾಟದ ಸುರಕ್ಷತೆಯ ಬಗ್ಗೆ ಪ್ರಶ್ನೆ ಕೇಳಬೇಕು. ಕುರ್ಚಿ ಹತ್ತಿ ಬಲ್ಬು ಹಾಕಲಾರದ ರಾಯರು, ಸದ್ಯ ಫೋನಿನಲ್ಲೇ ಕೇಳಿದರಾಯಿತು ಎಂದು ಗೊತ್ತಾದ ಮೇಲೆ ಒಪ್ಪಿಕೊಂಡರು.

ಅಂದು ರಾತ್ರಿ ಊಟ ಭಾವಮೈದುನನ ಮನೆಯಲ್ಲಿ. ಈ ಭಾವಮೈದುನ ಟೈಲ್ಸ್ ವ್ಯಾಪಾರಿ. ಅವನ ಬಾಯಿಂದ ಬರುವ ಮಾತೆಲ್ಲ ಅವನ ಅಂಗಡಿಯ ನೆಲದ ಹಾಗೆ ಫಳಫಳ ಹೊಳೆಯುತ್ತಿತ್ತು. ಹೊಸ ಕಾರು ಕೊಂಡ ಕಥೆಯನ್ನು ಅವನು ಮೊದಲ ತುತ್ತಿನಿಂದ ಕೈ ತೊಳೆಯುವ ತನಕ ಹೇಳಿದ. ಅತ್ತೆ ಮಗನನ್ನು ನೋಡಿ ಅರಳಿದರು, ಅಳಿಯನನ್ನು ನೋಡಿ ನಿಟ್ಟುಸಿರು ಬಿಟ್ಟರು.

"ಭಾವ, ನಿಮ್ದು ಈಗ್ಲೂ ಆ ಸೊಳ್ಳೆಬತ್ತಿನೇನಾ?" ಎಂದ ಭಾವಮೈದುನ.

ರಾಯರಿಗೆ ಎಲ್ಲಿಂದ ಧೈರ್ಯ ಬಂತೋ! "ಇಲ್ಲಪ್ಪ. ಈಗ ವಿಮಾನ ಸುರಕ್ಷತೆ ನಮ್ಮ ಕಡೆ ಬಂದಿದೆ."

"ನಿಮ್ಮ ಕಡೆ ಅಂದ್ರೆ?"

"ನಾನೇ ನೋಡ್ಕೋತೀನಿ."

ಹೇಳಿದ್ದು ಅಷ್ಟೇ. ಅದರಲ್ಲಿ ಸುಳ್ಳೆಂಬುದು ಒಂದು ಅಕ್ಷರವೂ ಇರಲಿಲ್ಲ ಎಂದು ರಾಯರು ಈಗಲೂ ವಾದಿಸುತ್ತಾರೆ. ಆದರೆ ಆ ಮಾತು ಅತ್ತೆಯ ಕಿವಿಯಿಂದ ಅವರ ಬಾಯಿಗೆ, ಅವರ ಬಾಯಿಂದ ಬೀದಿಗೆ ಹೋಗುವಷ್ಟರಲ್ಲಿ ಆಕಾಶದ ಉಸ್ತುವಾರಿಯೇ ಪ್ರಶ್ನೆರಾಯರದ್ದಾಗಿತ್ತು. ಮರುದಿನ ಹಾಲು ತರಲು ಹೋದರೆ ಎದುರು ಮನೆಯ ನಿವೃತ್ತ ಪೋಸ್ಟ್‌ಮಾಸ್ಟರ್ ಅಡ್ಡಗಟ್ಟಿದರು.

"ರಾಯರೇ, ನಮ್ಮ ಮನೆ ಮೇಲೇನೇ ದಿನಾ ಒಂದು ವಿಮಾನ ಹೋಗುತ್ತೆ. ಕಪಾಟಿನ ಲೋಟ ಎಲ್ಲಾ ಗಡಗಡ ಅನ್ನುತ್ತೆ. ಸ್ವಲ್ಪ ಪಕ್ಕದಲ್ಲಿ ಹೋಗೋಕೆ ಹೇಳ್ರೀ."

"ಅದು ನನ್ನ ಕೈಯಲ್ಲಿಲ್ಲ ಸಾರ್."

"ಗೊತ್ತು ಬಿಡ್ರೀ, ದೊಡ್ಡೋರಾದ್ಮೇಲೆ ಎಲ್ರೂ ಹೀಗೇ ಹೇಳೋದು" ಎಂದು ಪೋಸ್ಟ್‌ಮಾಸ್ಟರ್ ಮುಖ ತಿರುಗಿಸಿದರು.

ಕೆಲಸ ಶುರುವಾಯಿತು. ಕಚೇರಿಯ ಮೂಲೆಯ ಮೇಜಿನ ಮುಂದೆ ಕಿವಿಗೆ ಫೋನ್ ಸಿಕ್ಕಿಸಿಕೊಂಡು ಕುಳಿತ ರಾಯರು ಮೊದಲು ಮಾತಾಡಿದ್ದು ಹೊಲಗಳ ಮೇಲೆ ಔಷಧಿ ಸಿಂಪಡಿಸುವ ಒಬ್ಬ ಪೈಲಟ್ ಜೊತೆ.

"ನೀವು ಎಂದಾದರೂ ಕರೆಂಟು ತಂತಿಯ ಕೆಳಗೆ ಹಾರಿದ್ದುಂಟೇ?"

"ಮೇಲೆ ಹಾರಿದ್ರೆ ಔಷಧಿ ಎಲ್ಲಾ ಗಾಳಿಪಾಲಾಗುತ್ತಲ್ಲ ಸ್ವಾಮಿ."

ರಾಯರ ಹುಬ್ಬು ಏರಿತು. ಅದನ್ನು ಕೈಯಿಂದ ಒತ್ತಿ ಕೆಳಗಿಳಿಸಿದರು. "ಎಷ್ಟು ಸಲ? ಎಂದೂ ಇಲ್ಲ, ಅಪರೂಪಕ್ಕೆ, ಆಗಾಗ್ಗೆ?"

"ಯಾವಾಗಿಂದು ಕೇಳ್ತಿದೀರಿ? ಇವತ್ತು ಊಟಕ್ಕೆ ಮುಂಚೇದಾ, ಆಮೇಲಿಂದಾ?"

ಎರಡನೆಯವರು ಒಬ್ಬ ನಿವೃತ್ತ ಹೆಡ್‌ಮಿಸ್ಟ್ರೆಸ್. ಕೆಲಸದಿಂದ ನಿವೃತ್ತಿಯಾದ ಮೇಲೆ ಹಾರುವುದನ್ನು ಕಲಿತವರು. ಹಕ್ಕಿಗಳಿಂದ ತೊಂದರೆಯಾಗಿದೆಯೇ ಎಂದು ರಾಯರು ಕೇಳಿದ್ದಕ್ಕೆ, ಒಂದು ಹದ್ದು ಕಿಟಕಿಯ ಗಾಜು ಒಡೆದುಕೊಂಡು ಬಂದು ಪಕ್ಕದ ಸೀಟಿನಲ್ಲಿ ಬಿದ್ದಿತ್ತು ಎಂದರು. ಸಂತೆಯಲ್ಲಿ ಟೊಮೇಟೊ ಚೆನ್ನಾಗಿತ್ತು ಎನ್ನುವ ದನಿಯಲ್ಲಿ.

"ಅಯ್ಯೋ! ಆಮೇಲೆ?" ಎಂದು ರಾಯರ ಬಾಯಿಂದ ಹಾರಿಬಿಟ್ಟಿತು.

"'ಆಮೇಲೆ' ಅನ್ನೋ ಪ್ರಶ್ನೆ ನಿನ್ನ ಹಾಳೆಯಲ್ಲಿ ಇದೆಯೇನಪ್ಪಾ?"

"ಇಲ್ಲ ಮೇಡಂ."

"ಮತ್ತೆ? ಇರೋದನ್ನ ಕೇಳು."

ಹೀಗೆ ಕೆಲವು ದಿನ ಕಳೆಯುವಷ್ಟರಲ್ಲಿ ರಾಯರು ಆಕಾಶದ ಕೆಳಗೆ ನಡೆಯುವುದನ್ನೇ ಬಿಟ್ಟರು. ಅಂಗಡಿ ಸಾಲಿನ ಛಾವಣಿಯ ಕೆಳಗೇ ಸುತ್ತು ಹಾಕಿಕೊಂಡು ಮನೆಗೆ ಬರುತ್ತಿದ್ದರು. "ಯಾಕ್ರೀ ಹೀಗೆ ಬಿಳಿಚ್ಕೊಂಡಿದೀರಾ?" ಎಂದು ಹೆಂಡತಿ ಕೇಳಿದರೆ ಹೇಳುವಂತಿರಲಿಲ್ಲ. ನಿಯಮ!

ಆದರೆ ಅದುವರೆಗಿನದೆಲ್ಲ ಏನೂ ಅಲ್ಲ ಎನ್ನಿಸುವಂಥ ಫೋನು ಮುಂದಿತ್ತು. ಪಟ್ಟಿಯಲ್ಲಿ "ಸ್ವಂತ ವಿಮಾನ, ನಾಲ್ಕು ಸೀಟು, ಹಳದಿ ಬಣ್ಣ" ಎಂದಷ್ಟೇ ಇತ್ತು. ಫೋನೆತ್ತಿದವರದು ಗಂಟೆ ಬಾರಿಸಿದಂಥ ದನಿ. "ಹ್ಹೆ ಹ್ಹೆ, ಕೇಳಿ ಸ್ವಾಮಿ, ಕೇಳಿ! ಕೈ ಬಿಡುವಿಲ್ಲ, ಸ್ಪೀಕರ್‌ಗೆ ಹಾಕ್ತೀನಿ."

ಆ ಮಹನೀಯರು ಹಲ್ಲಿನ ಡಾಕ್ಟರು. ಫೋನನ್ನು ಇಕ್ಕಳಗಳ ತಟ್ಟೆಯ ಪಕ್ಕದಲ್ಲಿಟ್ಟರು. ಎದುರಿನ ಕುರ್ಚಿಯಲ್ಲಿ ರೋಗಿಯೊಬ್ಬರು ಬಾಯಿ ತೆರೆದ ಕೂಡಲೇ ಆ ಫೋನನ್ನು ಸಂಪೂರ್ಣವಾಗಿ ಮರೆತರು. ಇದು ನಮಗೆ ಗೊತ್ತು. ಪಾಪ, ಪ್ರಶ್ನೆರಾಯರಿಗೆ ಗೊತ್ತಿರಲಿಲ್ಲ.

"ನಿಮ್ಮ ವಿಮಾನದ ಈಗಿನ ಸ್ಥಿತಿ ಹೇಗಿದೆ?" ಎಂದು ಕೇಳಿದರು ರಾಯರು.

"ಹೊರಗಿಂದ ನೋಡೋಕೆ ಚೆನ್ನಾಗೇ ಇದೆ. ಒಳಗೆಲ್ಲಾ ಟೊಳ್ಳು!" ಎಂದಿತು ದನಿ.

ರಾಯರು ಪೆನ್ನು ಬಿಗಿಯಾಗಿ ಹಿಡಿದರು. "ಇತ್ತೀಚೆಗೆ ರಿಪೇರಿ ಮಾಡಿಸಿದ್ದೀರಾ?"

"ಹೋದ ಸಲ ಸಿಮೆಂಟು ತುಂಬಿ ಕಳಿಸಿದ್ದೆ. ಅದೂ ಉದುರಿಹೋಗಿದೆ."

"ಸಿಮೆಂಟೇ?" ಎಂಬುದು ಹಾಳೆಯಲ್ಲಿರಲಿಲ್ಲವಾದ್ದರಿಂದ ರಾಯರು ಅದನ್ನು ನುಂಗಿಕೊಂಡರು. "ಯಾವುದಾದರೂ ಭಾಗ ಸಡಿಲವಾಗಿದೆಯೇ?"

"ಮುಂದಿನ ಎರಡೂ ಅಲ್ಲಾಡ್ತಿವೆ. ಬೆರಳಲ್ಲಿ ತಳ್ಳಿದ್ರೆ ಕೈಗೇ ಬರುತ್ತೆ. ಇರಲಿ ಬಿಡಿ, ತಾನಾಗೇ ಬೀಳೋವರ್ಗೂ ಓಡಿಸೋಣ. ಬಿದ್ಮೇಲೆ ನೋಡ್ಕೊಂಡ್ರಾಯ್ತು."

ರಾಯರು ಹಾಳೆ ತಿರುವಿದರು. "ಜೊತೆಗಿರುವವರು ಗಾಬರಿಪಟ್ಟರೆ ಏನು ಮಾಡುತ್ತೀರಿ?"

ಹಿಂದಿನಿಂದ "ಆಂ... ಆಂ..." ಎಂದು ಯಾರೋ ನರಳಿದ್ದು ಕೇಳಿಸಿತು. ಅದರ ಮೇಲೆ ಗಂಟೆಯ ದನಿ: "ಹ್ಹೆ ಹ್ಹೆ! ಒಂದು ಇಂಜೆಕ್ಷನ್ ಚುಚ್ಚಿಬಿಡ್ತೀನಿ. ಆಮೇಲೆ ಏನೂ ಗೊತ್ತೇ ಆಗಲ್ಲ!"

ರಾಯರು ಫೋನ್ ಕೆಳಗಿಟ್ಟು ಎರಡು ಲೋಟ ನೀರು ಕುಡಿದರು. ಮೂರನೆಯ ಲೋಟವನ್ನು ತಲೆಯ ಮೇಲೆ ಸುರಿದುಕೊಂಡರು.

ಮನೆಗೆ ಬಂದರೆ ಹಜಾರದಲ್ಲಿ ಭಾವಮೈದುನ ಕಾಲ ಮೇಲೆ ಕಾಲು ಹಾಕಿ ಕುಳಿತಿದ್ದ. ಪಕ್ಕದಲ್ಲಿ ಅತ್ತೆ, ಎದುರಿಗೆ ಹೆಂಡತಿ. ಮೂವರ ಮುಖವೂ ಹಬ್ಬದಂತಿತ್ತು.

"ಭಾವ, ಭಾನುವಾರ ಅಮ್ಮನ ಹುಟ್ಟುಹಬ್ಬ. ವಿಮಾನದಲ್ಲಿ ಒಂದು ಸುತ್ತು ಹೊಡೆಸ್ತಿದೀನಿ! ನಮ್ಮ ಡಾಕ್ಟ್ರದು ಸ್ವಂತ ವಿಮಾನ ಇದೆ. ಅಮ್ಮ, ಅಕ್ಕ, ನಾನು. ಸೀಟು ಅಷ್ಟೇ ಇರೋದು. ನೀವು ಹೇಗೂ ಸ್ಟೂಲೂ ಹತ್ತಲ್ಲ."

"ಯಾ... ಯಾವ ಬಣ್ಣದ ವಿಮಾನ?" ಎಂದರು ರಾಯರು.

"ಹಳದಿ. ಯಾಕೆ? ಇರಿ, ಡಾಕ್ಟ್ರ ಹತ್ರಾನೇ ಮಾತಾಡಿ" ಎಂದು ಅವನು ಫೋನ್ ಹಚ್ಚಿ ಮುಂದೆ ಹಿಡಿದ.

"ಹ್ಹೆ ಹ್ಹೆ! ಅಮ್ಮಾವ್ರಿಗೆ ಹೇಳಿ, ಏನೂ ಯೋಚನೆ ಬೇಡ. ಹತ್ತಿ ಕೂತ್ರೆ ಆಯ್ತು, ಆಮೇಲೆ ಏನೂ ಗೊತ್ತೇ ಆಗಲ್ಲ!"

ಅದೇ ಗಂಟೆಯ ದನಿ ಎಂದು ಪ್ರಶ್ನೆರಾಯರಿಗೆ ಗೊತ್ತಾಯಿತು. ಹೇಳಿದರೆ ನಿಯಮ ಮುರಿದಂತೆ, ಹೇಳದಿದ್ದರೆ ಸಂಸಾರವೇ ಮುರಿದಂತೆ. ಕೊನೆಗೆ ತೋಚಿದ್ದನ್ನು ಒದರಿದರು. "ಅತ್ತೆಯವರಿಗೆ ಮೊಣಕಾಲು ನೋವಿದೆಯಲ್ಲ!"

"ವಿಮಾನದಲ್ಲಿ ನಾನೇನು ನಡೀಬೇಕಾ ಅಳಿಯಂದ್ರೇ?" ಎಂದರು ಅತ್ತೆ.

"ಗಾಳಿ... ಮೇಲೆ ಬಹಳ ಗಾಳಿ ಇರುತ್ತೆ."

"ಇರ್ಲಿ. ಇಲ್ಲಿ ಸೆಕೆ."

"ಅದಲ್ಲ ಅತ್ತೆ, ನನ್ನ ಮಾತು ಕೇಳಿ, ಬೇಡ!"

ಅತ್ತೆಯ ಕಣ್ಣಲ್ಲಿ ನೀರು ತುಂಬಿತು. "ನೋಡಿದ್ಯಾ ಮಗಳೇ, ವಿಮಾನ ಎಲ್ಲಾ ತಾನೇ ನೋಡ್ಕೋತೀನಿ ಅಂತಾರೆ, ಒಂದು ದಿನ ಹತ್ತಿ ಅಂತ ಬಾಯಿಮಾತಿಗೂ ಅನ್ನಲಿಲ್ಲ. ನನ್ನ ಮಗ ಹತ್ತಿಸ್ತೀನಿ ಅಂದ್ರೆ ಹೊಟ್ಟೆಕಿಚ್ಚು."

ಮರುದಿನ ರಾಯರು ಮ್ಯಾನೇಜರ್ ಎದುರು ಕೈಕಟ್ಟಿ ನಿಂತರು. "ಸಾರ್, ಒಬ್ಬರ ಉತ್ತರವನ್ನ ಮನೆಯವರಿಗೆ ಹೇಳೋದಕ್ಕೆ ಅಪ್ಪಣೆ ಬೇಕು."

"ಗುಟ್ಟು ಅಂದ್ರೆ ಗುಟ್ಟು ಕಣ್ರೀ."

"ಜೀವದ ಪ್ರಶ್ನೆ ಸಾರ್. ನಮ್ಮತ್ತೆ ಆ ವಿಮಾನ ಹತ್ತುತ್ತಿದ್ದಾರೆ."

ಮ್ಯಾನೇಜರ್ ಛಾವಣಿ ನೋಡಿದರು. "ಅತ್ತೆ ತಾನೆ?"

"ಹೆಂಡತೀನೂ ಸಾರ್!"

"ಅಯ್ಯೋ ಪಾಪ" ಎಂದರು ಮ್ಯಾನೇಜರ್. "ಆದ್ರೂ ನಿಯಮ ನಿಯಮಾನೇ. ಉತ್ತರ ಕೊಟ್ಟವರ ಹತ್ರ ಬೇಕಾದ್ರೆ ಇನ್ನೊಂದ್ಸಲ ಮಾತಾಡಿ. ಬೇರೆ ಯಾರ ಹತ್ರನೂ ತುಟಿ ಬಿಚ್ಚಬೇಡಿ."

ಆಮೇಲೆ ಎಷ್ಟು ಸಲ ಫೋನ್ ಮಾಡಿದರೂ ಡಾಕ್ಟರು ಸಿಗಲಿಲ್ಲ; ಭಾನುವಾರ ಬಂದಾಗ ರಾಯರೂ ಎಲ್ಲರ ಜೊತೆ ಹೊರಟರು. ಫ್ಲೈಯಿಂಗ್ ಕ್ಲಬ್ಬೆಂದರೆ ಒಂದು ತಗಡಿನ ಶೆಡ್ಡು, ಒಂದು ಬೆಂಚು, ಉದ್ದಕ್ಕೆ ಚಾಚಿದ ಡಾಂಬರಿನ ಪಟ್ಟಿ. ಅದರ ತುದಿಯಲ್ಲಿ ಹಳದಿ ವಿಮಾನ ಬಿಸಿಲು ಕಾಯಿಸುತ್ತಿತ್ತು. ಅದು ಭಾವಮೈದುನನ ಕಾರಿಗಿಂತ ಸ್ವಲ್ಪವೇ ದೊಡ್ಡದು. ಬೆಳಗಿನಿಂದ ಯಾಕೋ ಮಾತಿಲ್ಲದೆ ಕಾರು ಓಡಿಸಿದ್ದ ಭಾವಮೈದುನ ಅದನ್ನು ನೋಡಿ ಒಮ್ಮೆ ಉಗುಳು ನುಂಗಿದ. ಅತ್ತೆ ಹೊಸ ಸೀರೆಯ ಸೆರಗು ಸುತ್ತಿಕೊಂಡು ಮುಂದೆ ನಡೆದರು.

ಡಾಕ್ಟರು ಮೂಗೊರೆಸಿಕೊಳ್ಳುತ್ತ ಎದುರುಗೊಂಡರು. ಅವರು ಕೈ ಮುಗಿಯುವ ಮೊದಲೇ ಪ್ರಶ್ನೆರಾಯರು ಅವರನ್ನು ದಾಟಿ ಓಡಿ ವಿಮಾನದ ರೆಕ್ಕೆ ಹಿಡಿದು ಅಲ್ಲಾಡಿಸಿದರು. ರೆಕ್ಕೆ ಅಲ್ಲಾಡಲಿಲ್ಲ, ಆದರೆ ಇಡೀ ವಿಮಾನ ಅಲ್ಲಾಡಿತು. ಹೊಟ್ಟೆಯ ಮೇಲೆ ಬೆರಳಿನಿಂದ ತಟ್ಟಿ ಕಿವಿಯಿಟ್ಟು ಕೇಳಿದರು. ಟೊಳ್ಳು! ಮಂಡಿಯೂರಿ ಕೆಳಗೆ ತೂರಿದರು.

"ರೀ! ಏನ್ರೀ ಹುಡುಕ್ತಿದೀರಾ?" ಎಂದು ಹೆಂಡತಿ ಕೂಗಿದಳು.

"ಸಿಮೆಂಟು!" ಎಂಬ ಉತ್ತರ ವಿಮಾನದ ಕೆಳಗಿನಿಂದ ಬಂತು.

ಎಲ್ಲರೂ ಕಣ್ಣು ಕಣ್ಣು ಬಿಟ್ಟರು. ಅತ್ತೆ ಮಗಳ ಕೈ ಹಿಡಿದುಕೊಂಡು ಪಿಸುಗುಟ್ಟಿದರು. "ಕೆಲಸ ಜಾಸ್ತಿ ಆಗಿ ತಲೆಗೆ ಏರಿದೆ ಕಣೆ."

ರಾಯರು ಹೊರಬಂದು ಡಾಕ್ಟರ ಕೋಟು ಹಿಡಿದು ಶೆಡ್ಡಿನ ಹಿಂದಕ್ಕೆ ಎಳೆದುಕೊಂಡು ಹೋದರು. ಕಿವಿಯಲ್ಲಿ ಎಲ್ಲವನ್ನೂ ಊದಿದರು. ಟೊಳ್ಳು, ಸಿಮೆಂಟು, ಅಲ್ಲಾಡುವ ಮುಂದಿನ ಎರಡು, ಇಂಜೆಕ್ಷನ್. ಡಾಕ್ಟರು ಮೊದಲು ಬೆಚ್ಚಿಬಿದ್ದರು. ಆಮೇಲೆ ಅವರ ಹೊಟ್ಟೆ ಕುಲುಕತೊಡಗಿತು. ಕೊನೆಗೆ ಗೋಡೆ ಹಿಡಿದುಕೊಂಡು, ಶೆಡ್ಡಿನ ತಗಡು ಅದುರುವಂತೆ ನಕ್ಕರು.

"ಅದು ಹಲ್ಲು ಸ್ವಾಮಿ, ಹಲ್ಲು! ನಾನು ಹಲ್ಲಿನ ಡಾಕ್ಟ್ರು! ಅವತ್ತು ಕುರ್ಚಿ ಮೇಲಿದ್ದಿದ್ದು ನಮ್ಮ ಲಾಯರು. ನೀವು ಕೇಳಿದ್ದು ಒಂದೂ ನನ್ನ ಕಿವಿಗೆ ಬಿದ್ದಿಲ್ಲ!"

ಡಾಕ್ಟರು ತಾವೇ ಹೊರಗೆ ಬಂದು ಎಲ್ಲರೆದುರು ಕಥೆ ಹೇಳಿದರು. ಹೆಂಡತಿ ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಕ್ಕಳು. ಅತ್ತೆ ತಲೆ ಚಚ್ಚಿಕೊಂಡರು. ಭಾವಮೈದುನನಿಗೆ ಹೋದ ದನಿ ಮರಳಿ ಬಂತು. "ಭಾವ, ಹಲ್ಲಿಗೂ ರೆಕ್ಕೆಗೂ ವ್ಯತ್ಯಾಸ ಗೊತ್ತಾಗದೋರು ನೀವು, ಆಕಾಶ ನೋಡ್ಕೋತೀರಾ?" ಮೂವರೂ ಹತ್ತಿ ಕುಳಿತರು. ಡಾಕ್ಟರು ರೆಕ್ಕೆಯಿಂದ ಸ್ವಲ್ಪ ಪೆಟ್ರೋಲು ಗಾಜಿನ ಕೊಳವೆಗೆ ಬಸಿದು ನೀರು ಬೆರೆತಿದೆಯೇ ಎಂದು ಬೆಳಕಿಗೆ ಹಿಡಿದು ನೋಡಿದರು, ಚಕ್ರ ಒತ್ತಿದರು, ಎಣ್ಣೆ ಅಳೆದರು, ಹತ್ತಿ ತಾವೂ ಬೆಲ್ಟು ಬಿಗಿದುಕೊಂಡರು.

ಬೇರೆ ಯಾರಾದರೂ ಆಗಿದ್ದರೆ ಇಷ್ಟು ಅವಮಾನವಾದ ಮೇಲೆ ಬೆಂಚಿನ ಕೆಳಗೆ ಅಡಗುತ್ತಿದ್ದರು. ಆದರೆ ಪ್ರಶ್ನೆರಾಯರ ತಲೆಯಲ್ಲಿ ಬೇರೆಯೇ ಚಿಂತೆ ಎದ್ದಿತ್ತು. ಆ ಉತ್ತರಗಳೆಲ್ಲ ಲಾಯರ ಹಲ್ಲಿನವಾದರೆ ವಿಮಾನದ ಉತ್ತರಗಳೆಲ್ಲಿ? ಹಲ್ಲಿನ ಉತ್ತರಗಳನ್ನು ಕಂಪನಿಗೆ ಒಪ್ಪಿಸುವುದುಂಟೇ? ಅವರು ಓಡಿಬಂದು ವಿಮಾನದ ಬಾಗಿಲು ಹಿಡಿದು ನಿಂತರು.

"ಡಾಕ್ಟ್ರೇ, ದಯವಿಟ್ಟು. ಸಮೀಕ್ಷೆ ಮತ್ತೆ ಮಾಡ್ಬೇಕು. ಕೊನೇ ಭಾಗ ಮಾತ್ರ, ಈ ಹಾರಾಟದ ಬಗ್ಗೆ."

"ಈಗಲಾ?" ಎಂದು ಭಾವಮೈದುನ ಕಿರುಚಿದ.

"ಕೇಳ್ಲಿ ಬಿಡಿ, ಪಾಪ. ಈ ಸಲ ಎಲ್ಲರೆದುರಿಗೇ ಹೇಳ್ತೀನಿ" ಎಂದರು ಡಾಕ್ಟರು, ನಗು ಇನ್ನೂ ಪೂರ್ತಿ ಆರಿರಲಿಲ್ಲ.

ರಾಯರು ಗಂಟಲು ಸರಿಮಾಡಿಕೊಂಡರು. "ಹೊರಡುವ ಮುನ್ನ ವಿಮಾನವನ್ನು ನೀವೇ ಪರೀಕ್ಷಿಸಿದ್ದೀರಾ?"

"ನೋಡಿದ್ರಲ್ಲ. ಹೌದು."

"ಹವಾಮಾನ ವಿಚಾರಿಸಿದ್ದೀರಾ?"

"ಹೌದು."

"ಇಂದು ಯಾವುದಾದರೂ ಔಷಧಿ ಅಥವಾ ಮಾತ್ರೆ ತೆಗೆದುಕೊಂಡಿದ್ದೀರಾ?"

"ಇಲ್ಲ... ಅಂದ್ರೆ..." ಡಾಕ್ಟರ ಕೈ ಮೂಗಿನ ಹತ್ತಿರ ನಿಂತಿತು. "ಬೆಳಿಗ್ಗೆ ಮನೆಯವಳು ಕಾಫಿ ಜೊತೆ ನೆಗಡಿ ಮಾತ್ರೆ ಕೊಟ್ಟಳು. ಪೇಪರ್ ನೋಡ್ತಾ ನುಂಗಿಬಿಟ್ಟೆ."

"ಅದು ನಿದ್ದೆ ತರಿಸುವಂಥದೇ? ಹೌದು, ಇಲ್ಲ, ಗೊತ್ತಿಲ್ಲ?"

ಡಾಕ್ಟರ ಮುಖದಿಂದ ನಗು ಒರೆಸಿದಂತೆ ಮಾಯವಾಯಿತು. ಅವರು ಬೀಗದ ಕೈ ಹೊರಗೆಳೆದರು, ಬೆಲ್ಟು ಬಿಚ್ಚಿದರು, ಕೆಳಗಿಳಿದರು.

"ಎಲ್ರೂ ಇಳೀರಿ. ಇವತ್ತು ನಾನು ಹಾರೋ ಹಾಗಿಲ್ಲ."

ಭಾವಮೈದುನ ಕೆಂಡವಾದ. ಅಮ್ಮನ ಹುಟ್ಟುಹಬ್ಬ ಹಾಳಾಯಿತು, ಸಂತೋಷ ಕಂಡರೆ ಭಾವನಿಗೆ ಆಗದು, ಒಂದು ನೆಗಡಿ ಮಾತ್ರೆಗೆ ಇಷ್ಟು ರಂಪವೇ ಎಂದು ರನ್‌ವೇ ಉದ್ದಕ್ಕೂ ಕೇಳುವಂತೆ ಕೂಗಾಡಿದ. ಅತ್ತೆಯೂ ದನಿ ಸೇರಿಸಿದರು. ಹೆಂಡತಿ ಯಾರ ಕಡೆ ನಿಲ್ಲಬೇಕೆಂದು ತಿಳಿಯದೆ ವಿಮಾನದ ಕಡೆ ನಿಂತಳು. ರಾಯರು ತಲೆ ತಗ್ಗಿಸಿ ಎಲ್ಲವನ್ನೂ ಕೇಳಿಸಿಕೊಂಡರು.

"ಡಾಕ್ಟ್ರೇ, ನೀವಾದ್ರೂ ಹೇಳಿ! ಇಷ್ಟಕ್ಕೆಲ್ಲಾ ಏನಾಗುತ್ತೆ?" ಎಂದು ಭಾವಮೈದುನ ಹಿಂದಕ್ಕೆ ತಿರುಗಿದ.

ಡಾಕ್ಟರು ಶೆಡ್ಡಿನ ಮುಂದಿನ ಬೆಂಚಿನ ಮೇಲೆ ಕುಳಿತಲ್ಲೇ ಒಂದು ಕಡೆಗೆ ವಾಲಿದ್ದರು. ಬೀಗದ ಕೈ ಬೆರಳಿನಿಂದ ಜಾರಿ ನೆಲಕ್ಕೆ ಬಿದ್ದಿತ್ತು. ಬಾಯಿ ಅಗಲವಾಗಿ ತೆರೆದಿತ್ತು. ಅದರೊಳಗಿನಿಂದ ಹೊರಟ ಗೊರಕೆ ವಿಮಾನದ ಎಂಜಿನ್ನಿಗೆ ಏನೂ ಕಡಿಮೆಯಿರಲಿಲ್ಲ.

ಅತ್ತೆ ಮೆಲ್ಲಗೆ ತಲೆಯೆತ್ತಿ ಆಕಾಶ ನೋಡಿದರು. ಆಮೇಲೆ ಬೆಂಚು ನೋಡಿದರು. ಮತ್ತೆ ಆಕಾಶ ನೋಡಿದರು. ಅವರ ಹುಬ್ಬು ಹಣೆಯ ಮೇಲಕ್ಕೆ ಏರಿ ಅಲ್ಲೇ ನಿಂತುಬಿಟ್ಟಿತು. ಹೆಂಡತಿ ಬಂದು ರಾಯರ ತೋಳನ್ನು ಬಿಗಿಯಾಗಿ ಹಿಡಿದುಕೊಂಡಳು.

"ನಡೀರಿ, ನಡೀರಿ, ಮನೆಗೆ ಹೋಗೋಣ" ಎಂದ ಭಾವಮೈದುನ ಪಿಸುದನಿಯಲ್ಲಿ, ಕಾರಿನ ಬಾಗಿಲು ತೆಗೆಯುತ್ತ.

ಅತ್ತೆ ಕದಲಲಿಲ್ಲ. "ಅಳಿಯಂದ್ರೇ" ಎಂದರು. ಆ ಶಬ್ದದಲ್ಲಿ ಅಂಥ ಮರ್ಯಾದೆಯನ್ನು ರಾಯರು ಮದುವೆಯ ದಿನವೂ ಕೇಳಿರಲಿಲ್ಲ. "ಇವನನ್ನೂ ಸ್ವಲ್ಪ ಕೇಳಿ."

"ಅಮ್ಮಾ! ನಾನೇ ತಾನೆ ಬರ್ತಾ ಓಡಿಸ್ಕೊಂಡು ಬಂದಿದ್ದು?"

"ಅದನ್ನ ನೆನೆಸ್ಕೊಂಡೇ ಎದೆ ಹೊಡ್ಕೋತಿದೆ. ಕೇಳಿ ಅಳಿಯಂದ್ರೇ."

ರಾಯರು ಸಂಕೋಚದಿಂದಲೇ ಕೇಳಿದರು. "ನಿನ್ನೆ ರಾತ್ರಿ ಸಾಕಷ್ಟು ನಿದ್ದೆ ಮಾಡಿದ್ದೀಯಾ?"

"ಎಲ್ಲಿಂದ ನಿದ್ದೆ ಭಾವ? ಇಡೀ ರಾತ್ರಿ ಭಯಕ್ಕೆ..." ಎಂದವನು ತುಟಿ ಕಚ್ಚಿಕೊಂಡ. "ಖುಷಿಗೆ. ಖುಷಿಗೆ ನಿದ್ದೆ ಬರ್ಲಿಲ್ಲ."

"ಇಂದು ಯಾವುದಾದರೂ ಮಾತ್ರೆ?"

ಭಾವಮೈದುನ ಕಾರಿನ ಚಕ್ರವನ್ನು ನೋಡಿದ. "ಮೇಲೆ ಹೋದಾಗ ವಾಂತಿ ಆಗದೇ ಇರ್ಲಿ ಅಂತ... ಒಂದು. ಆಮೇಲೆ ಇನ್ನೊಂದು."

"ನಿದ್ದೆ ತರಿಸುವಂಥದೇ?"

ಅವನು ಬಾಯಿ ತೆರೆದ. ಹೊರಬಂದದ್ದು ಉತ್ತರವಲ್ಲ, ದೊಡ್ಡದೊಂದು ಆಕಳಿಕೆ.

ಹೊಸ ಕಾರು ಶೆಡ್ಡಿನ ನೆರಳಿನಲ್ಲೇ ಉಳಿಯಿತು. ಸಂಸಾರವೆಲ್ಲ ರಸ್ತೆಬದಿಗೆ ನಡೆದು ಬಂದು ಬಸ್ಸಿಗೆ ಕಾದು ನಿಂತಿತು. ಅತ್ತೆ ಹೊಸ ಸೀರೆಯ ಧೂಳು ಕೊಡವುತ್ತ ನಿಂತರು. ಭಾವಮೈದುನ ನಿಂತಲ್ಲೇ ತೂಕಡಿಸಿದ. ರಾಯರು ಅವನ ಕಾಲರ್ ಹಿಡಿದು ನಿಲ್ಲಿಸಿಕೊಂಡರು. ಬಹಳ ಹೊತ್ತಿನ ಮೇಲೆ ಬಸ್ಸು ಬಂದು ನಿಂತಿತು. ಬಾಗಿಲು ತೆರೆಯಿತು. ಕಂಡಕ್ಟರ್ "ಹತ್ತಿ, ಬೇಗ ಹತ್ತಿ" ಎಂದ. ಜನ ಕಿಟಕಿಯಿಂದ ಇಣುಕಿದರು.

ಅತ್ತೆ ಹತ್ತಲಿಲ್ಲ. ಬಸ್ಸಿನ ಮುಂದಕ್ಕೆ ಹೋಗಿ, ಎರಡೂ ಕೈ ಅಗಲಿಸಿ ಅಡ್ಡ ನಿಂತು, ಡ್ರೈವರನ್ನು ನೋಡಿ ಕೂಗಿ ಹೇಳಿದರು:

"ಒಂದ್ನಿಮಿಷ ಇರಪ್ಪಾ. ನಮ್ಮ ಅಳಿಯಂದ್ರು ನಿನ್ನ ಏನೋ ಕೇಳ್ಬೇಕಂತೆ."